ಚಳಿಗಾಲದ ಮುಂಜಾನೆ: ವ್ಯಾಪಾರ-ವ್ಯವಹಾರವುಳ್ಳ ಹಾಲು ಉತ್ಪಾದಕರಿಗೆ ಕೆಲವು ಮಾತು



ತೂಬಗೆರೆ ಹೋಬಳಿಯಲ್ಲಿ ಹಸು ಕಟ್ಟಿರುವವರೆಲ್ಲ ಹಸುವೊಂದನ್ನೇ ನಂಬಿ ಕುಳಿತವರಲ್ಲ. ಒಬ್ಬರಿಗೆ ದಿನಸಿ ಅಂಗಡಿ, ಇನ್ನೊಬ್ಬರಿಗೆ ನಾಲ್ಕು ಮಗ್ಗ, ಮತ್ತೊಬ್ಬರಿಗೆ ಹೂವು ತರಕಾರಿಯನ್ನು ದೊಡ್ಡಬಳ್ಳಾಪುರಕ್ಕೋ ಬೆಂಗಳೂರಿಗೋ ಸಾಗಿಸುವ ವ್ಯಾಪಾರ. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಕ್ಯಾನು ತೊಳೆದಿಟ್ಟು, ಅಂಗಡಿಯ ಬೀಗ ತೆಗೆಯಲು ಓಡುವವರು ನೀವಾದರೆ ಈ ಲೇಖನ ನಿಮಗಾಗಿಯೇ.

ಧನುರ್ಮಾಸ ಬಂದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಮಾತು ಶುರುವಾಗುವ ಹೊತ್ತಿಗೆ ನಮ್ಮ ಬೆಳಗಿನಲ್ಲಿ ಒಂದು ಬದಲಾವಣೆ ಆಗಿರುತ್ತದೆ. ಜೂನ್ ತಿಂಗಳ ಮೊದಲಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರಕ್ಕೆ ಸ್ವಲ್ಪ ಮುಂಚೆ. ಜನವರಿ ನಡುವಿನಲ್ಲಿ 6-45ರ ಸುಮಾರಿಗೆ. ಅಂದರೆ ಬೆಳಕು ಮುಕ್ಕಾಲು ಗಂಟೆಗೂ ಮೇಲೆ ತಡವಾಗುತ್ತದೆ. ಆದರೆ ಡೇರಿಯ ಗಂಟೆ ತಡವಾಗುವುದಿಲ್ಲ, ಅಂಗಡಿಗೆ ಬರುವ ಗಿರಾಕಿಯೂ ಕಾಯುವುದಿಲ್ಲ. ಬೇಸಿಗೆಯಲ್ಲಿ ಬೆಳಕಿನಲ್ಲಿ ಮಾಡುತ್ತಿದ್ದ ಕೊಟ್ಟಿಗೆಯ ಕೆಲಸವನ್ನೆಲ್ಲ ಈಗ ಕತ್ತಲಲ್ಲಿ, ಚಳಿಯಲ್ಲಿ, ಅವಸರದಲ್ಲಿ ಮಾಡುತ್ತೇವೆ. ಮಾಡುವ ಕೆಲಸ ಹೇಗೋ ಮುಗಿಯುತ್ತದೆ. ನೋಡುವ ಕೆಲಸ ಮಾತ್ರ ಬಿಟ್ಟುಹೋಗುತ್ತದೆ.

ನಾನು ಕಂಡ ಒಂದು ಮನೆಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಅಂಗಡಿ ಇಟ್ಟುಕೊಂಡ ಸದಸ್ಯರು. ಎರಡನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು. ಕರು ಹಾಕಿ ಆರು ತಿಂಗಳಾದರೂ ಬೆದೆಗೆ ಬಂದಿಲ್ಲ ಎಂಬುದು ಅವರ ದೂರು. ಖನಿಜ ಮಿಶ್ರಣ ಕೊಟ್ಟಿದ್ದರು, ಸೂಜಿ ಹಾಕಿಸಿದ್ದರು, ಇನ್ನು ಮಾರಿಬಿಡುವ ಯೋಚನೆಯಲ್ಲಿದ್ದರು. ಮಧ್ಯಾಹ್ನ ಹೋಗಿ ಪರೀಕ್ಷಿಸಿದಾಗ ಗರ್ಭಕೋಶದಲ್ಲಿ ಯಾವ ದೋಷವೂ ಕಾಣಲಿಲ್ಲ, ಅಂಡಾಶಯವೂ ಕೆಲಸ ಮಾಡುತ್ತಿತ್ತು. ಒಂದು ದಿನ ಬೆಳಗ್ಗೆ ಐದಕ್ಕೇ ಅವರ ಕೊಟ್ಟಿಗೆಗೆ ಹೋದೆ. ನಾನು ಹೋಗುವಷ್ಟರಲ್ಲಿ ಮನೆಯಾಕೆ ಪೈಪು ಹಿಡಿದು ನೆಲವನ್ನೆಲ್ಲ ತೊಳೆದು, ಹಸುವಿನ ಹಿಂಭಾಗಕ್ಕೂ ನೀರು ಬಿಟ್ಟಾಗಿತ್ತು. ಶುಚಿತ್ವದಲ್ಲಿ ಆಕೆಗೆ ನೂರಕ್ಕೆ ನೂರು ಅಂಕ ಕೊಡಬೇಕು. ಆದರೆ ರಾತ್ರಿ ಮಲಗಿದ್ದ ಜಾಗದಲ್ಲಿ ಹಸು ಹಾಕುವ ಲೋಳೆಯೂ ಆ ನೀರಿನೊಂದಿಗೆ ದಿನವೂ ಚರಂಡಿ ಸೇರುತ್ತಿತ್ತು. ಇನ್ನು ಮೇಲೆ ಮೊದಲು ಬ್ಯಾಟರಿ ಬಿಟ್ಟು ನೋಡಿ, ಆಮೇಲೆ ತೊಳೆಯಿರಿ ಎಂದು ಹೇಳಿ ಬಂದೆ. ಒಂಬತ್ತನೇ ದಿನ ಫೋನು ಬಂತು. ಮೊಟ್ಟೆಯ ಬಿಳಿ ಲೋಳೆಯಂತೆ ತಿಳಿಯಾದದ್ದು ಬಾಲಕ್ಕೆ ಅಂಟಿದೆ ಎಂದರು. ಆ ಹಸು ಬೆದೆಗೆ ಬರದೆ ಇದ್ದದ್ದಲ್ಲ, ಬಂದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮಿಶ್ರತಳಿ ಹಸುಗಳಲ್ಲಿ ಬೆದೆಯ ಲಕ್ಷಣ ಹೆಚ್ಚಾಗಿ ಕಾಣುವುದು ರಾತ್ರಿಯಿಂದ ಮುಂಜಾನೆಯ ತಂಪಿನವರೆಗೆ. ಬೆದೆ ಇರುವುದು 12ರಿಂದ 18 ಗಂಟೆ ಮಾತ್ರ. ಒಮ್ಮೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಲೆಕ್ಕ ಹಾಕುವುದು ವ್ಯಾಪಾರಸ್ಥರಿಗೆ ನಾನು ಹೇಳಿಕೊಡಬೇಕಾಗಿಲ್ಲ: ನಿಮ್ಮ ಹಸುವಿಗೆ ದಿನಕ್ಕೆ ಆಗುವ ಮೇವು, ಬೂಸ, ಪಶು ಆಹಾರದ ಖರ್ಚನ್ನು 21ರಿಂದ ಗುಣಿಸಿ ನೋಡಿ. ಮೂರು ಸಲ ತಪ್ಪಿದರೆ ಮುಂದಿನ ಕರುವೂ ಮುಂದಿನ ಸೂಲಿನ ಹಾಲೂ ಎರಡು ತಿಂಗಳು ಹಿಂದೆ ಬಿದ್ದಂತೆ.

ಆದ್ದರಿಂದ ಎದ್ದ ಕೂಡಲೇ ಪೊರಕೆ, ಪೈಪು ಹಿಡಿಯಬೇಡಿ. ಹಸು ಇನ್ನೂ ಮಲಗಿರುವಾಗಲೇ ಬೆಳಕು ಬಿಟ್ಟು ಎರಡು ನಿಮಿಷ ನೋಡಿ. ಬಾಲದ ಬುಡ, ಮಲಗಿದ ಜಾಗ, ಗೊಂತಿನಲ್ಲಿ ಉಳಿದ ಮೇವು, ಸಗಣಿಯ ಹದ, ಮೆಲುಕು ಹಾಕುತ್ತಿದೆಯೋ ಇಲ್ಲವೋ. ರಾತ್ರಿ ಹಾಕಿದ ಹುಲ್ಲು ಹಾಗೇ ಉಳಿದಿದ್ದರೆ ಹಾಲು ಕಡಿಮೆಯಾಗುವ ಮುನ್ನವೇ ನಿಮಗೆ ಸುದ್ದಿ ಸಿಕ್ಕಿತು.

ಸಮಯ ಎಲ್ಲಿಂದ ತರುವುದು ಎಂದು ಕೇಳುತ್ತೀರಿ. ಹಿಂದಿನ ರಾತ್ರಿಯಿಂದ. ಕ್ಯಾನು, ಬಕೆಟ್ಟು, ಸೋಸುವ ಬಟ್ಟೆ ತೊಳೆದು ಬೋರಲು ಹಾಕಿಡುವುದು, ಬೆಳಗಿನ ಪಶು ಆಹಾರ ಅಳೆದಿಡುವುದು, ರಾಗಿ ಹುಲ್ಲು ಕತ್ತರಿಸಿಡುವುದು, ಇವು ಅಂಗಡಿ ಮುಚ್ಚಿ ಬಂದ ಮೇಲೆ ಅರ್ಧ ಗಂಟೆಯ ಕೆಲಸ. ಹಾಲು ಕರೆಯುವುದು ನಮ್ಮಲ್ಲಿ ಬಹುಪಾಲು ಹೆಣ್ಣುಮಕ್ಕಳೇ. ರಾತ್ರಿಯ ಈ ಅರ್ಧ ಗಂಟೆಯನ್ನು ಗಂಡಸರು ವಹಿಸಿಕೊಂಡರೆ ಬೆಳಗಿನ ಅವಸರ ಅರ್ಧ ಇಳಿಯುತ್ತದೆ. ಇದನ್ನು ಸಭೆಗಳಲ್ಲಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಕೂತ ಹೆಂಗಸರು ನಗುತ್ತಾರೆ, ಮುಂದಿನ ಸಾಲಿನವರು ಗಡಿಯಾರ ನೋಡಿಕೊಳ್ಳುತ್ತಾರೆ.

ಚಳಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ನಂದಿಬೆಟ್ಟ, ಮಾಕಳಿ ಬೆಟ್ಟದ ಆಸುಪಾಸಿನ ಊರುಗಳಲ್ಲಿ ನಮಗೆ ಮೈ ನಡುಗಿಸುವ 12-13 ಡಿಗ್ರಿ ಚಳಿ ಎಚ್.ಎಫ್. ಹಸುವಿಗೆ ಹಿತವಾದದ್ದೇ. 5ರಿಂದ 25 ಡಿಗ್ರಿಯವರೆಗೆ ಅದು ಆರಾಮವಾಗಿರುತ್ತದೆ. ಹಸುವಿಗೆ ಚಳಿ ಎಂದು ಕೊಟ್ಟಿಗೆಯ ನಾಲ್ಕೂ ಕಡೆ ಟಾರ್ಪಾಲು ಬಿಗಿದು ಮುಚ್ಚಿದರೆ ಒಳಗೆ ಗಂಜಲದ ಘಾಟು ತುಂಬಿ ಕೆಮ್ಮು ಶುರುವಾಗುತ್ತದೆ. ಗಾಳಿ ಬೀಸುವ ಒಂದು ಮಗ್ಗುಲಿಗೆ ಮರೆ ಕಟ್ಟಿದರೆ ಸಾಕು. ಹಸುವಿಗೆ ಕೇಡು ಚಳಿಯಿಂದಲ್ಲ, ಒದ್ದೆ ನೆಲದಿಂದ. ಚಳಿ ನಿಜವಾಗಿ ತಾಗುವುದು ಎಳೆಗರುವಿಗೆ. ಅದಕ್ಕೆ ಒಣ ಹುಲ್ಲಿನ ದಪ್ಪ ಹಾಸಿಗೆ, ಮೈಮೇಲೊಂದು ಗೋಣಿಚೀಲ ಬೇಕು. ಬೆಳಗಿನ ಜಾವ ಹಸು ಕರು ಹಾಕಿದರೆ ಸತ್ತೆ ಬೀಳಲಿ ಎಂದು ಕಾಯದೆ ಮೊದಲ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಡೇರಿಗೆ ಹೋಗಿ ಬಂದು ನೋಡಿಕೊಳ್ಳೋಣ ಎಂಬ ಮಾತು ಆ ದಿನ ಬೇಡ.

ನೀರಿನ ವಿಷಯ. ರಾತ್ರಿಯೆಲ್ಲ ಸಿಮೆಂಟ್ ತೊಟ್ಟಿಯಲ್ಲಿ ನಿಂತ ನೀರು ಬೆಳಗ್ಗೆ ಮಂಜಿನಂತಿರುತ್ತದೆ, ಹಸು ಮೂತಿ ಅದ್ದಿ ತೆಗೆಯುತ್ತದೆ. ಒಂದು ಲೀಟರ್ ಹಾಲಿಗೆ ಮೂರು ನಾಲ್ಕು ಲೀಟರ್ ನೀರು ಬೇಕಾಗುವ ಪ್ರಾಣಿ ಬೆಳಗ್ಗೆ ಕುಡಿಯದಿದ್ದರೆ ಅದು ಸಂಜೆಯ ಹಾಲಿನಲ್ಲಿ ಗೊತ್ತಾಗುತ್ತದೆ. ಕೊಳವೆ ಬಾವಿಯಿಂದ ಆಗತಾನೆ ಎತ್ತಿದ ನೀರು ಚಳಿಗಾಲದಲ್ಲಿ ಉಗುರುಬೆಚ್ಚಗಿರುತ್ತದೆ. ಕರೆಂಟಿನ ಪಾಳಿ ಕೂಡಿಬಂದರೆ ಅದನ್ನೇ ಕೊಡಿ. ಇಲ್ಲವಾದರೆ ಕಲಗಚ್ಚಿಗೆ ಒಂದಿಷ್ಟು ಬಿಸಿನೀರು ಬೆರೆಸಿದರೂ ಆಯಿತು. ಇಬ್ಬನಿಯಲ್ಲಿ ನೆನೆದ ಕುದುರೆ ಮೆಂತ್ಯವನ್ನಾಗಲಿ, ಸೊಗಡಿನ ಕಾಲದ ಅವರೆಕಾಯಿ ಸಿಪ್ಪೆಯ ರಾಶಿಯನ್ನಾಗಲಿ ಬರಿಹೊಟ್ಟೆಗೆ ಹಾಕಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಮೊದಲು ರಾಗಿ ಹುಲ್ಲು.

ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒಣಬಟ್ಟೆಯಿಂದ ಒರೆಸಿ. ತೊಟ್ಟಿನ ಸ್ಪರ್ಶವಾದ ಒಂದು ನಿಮಿಷದಲ್ಲಿ ಹಸು ಸೊರ ಬಿಡುತ್ತದೆ. ಅದರ ಬಲ ಇರುವುದು ಐದರಿಂದ ಏಳು ನಿಮಿಷ. ಅಷ್ಟರೊಳಗೆ ನಿಲ್ಲಿಸದೆ ಕರೆದು ಮುಗಿಸಬೇಕು. ತಣ್ಣೀರು ಎರಚಿ, ಗದರಿಸಿ, ಬಾಲ ತಿರುವಿ ಎಬ್ಬಿಸಿದರೆ ಹೆದರಿದ ಹಸು ಹಾಲನ್ನು ಮೇಲಕ್ಕೇ ಹಿಡಿದುಕೊಳ್ಳುತ್ತದೆ. ಹಾಗೆ ಉಳಿದುಬಿಡುವ ಕೊನೆಯ ಹಾಲಿನಲ್ಲಿಯೇ ಜಿಡ್ಡು ಮೊದಲ ಹಾಲಿಗಿಂತ ಹಲವು ಪಟ್ಟು ಹೆಚ್ಚು. ಡೇರಿಯಲ್ಲಿ ಜಿಡ್ಡು ಕಡಿಮೆ ಬಂತೆಂದು ಕಾರ್ಯದರ್ಶಿಯೊಡನೆ ವಾದಕ್ಕೆ ನಿಲ್ಲುವ ಮುನ್ನ ಇದನ್ನೊಮ್ಮೆ ಯೋಚಿಸಿ. ಮೊದಲ ಎರಡು ಮೂರು ಎಳೆತದ ಹಾಲನ್ನು ಕಪ್ಪು ತಟ್ಟೆಯಲ್ಲಿ ಹಿಡಿದು ಬೆಳಕಿನಲ್ಲಿ ನೋಡಿ. ಗಡ್ಡೆ, ನೀರಿನಂತಹ ಹಾಲು ಕಂಡರೆ ಕೆಚ್ಚಲು ಬಾವಿನ ಸೂಚನೆ. ಆ ಹಾಲನ್ನು ಕ್ಯಾನಿಗೆ ಬೆರೆಸದೆ ವೈದ್ಯರಿಗೆ ತಿಳಿಸಿ.

ಕರೆದ ಮೇಲೆ ತೊಟ್ಟಿನ ರಂಧ್ರ ಅರ್ಧ ಗಂಟೆಯಾದರೂ ತೆರೆದೇ ಇರುತ್ತದೆ. ಆಗ ಹಸು ಒದ್ದೆ ನೆಲದಲ್ಲಿ ಮಲಗಿದರೆ ರೋಗಾಣುಗಳಿಗೆ ನಾವೇ ಬಾಗಿಲು ತೆರೆದಂತೆ. ಪಶು ಆಹಾರವನ್ನು ಕರೆಯುವಾಗಲೇ ಕೊಟ್ಟು ಮುಗಿಸುವ ಬದಲು, ಒಂದಿಷ್ಟು ಮೇವನ್ನು ಕರೆದ ಮೇಲೆ ಹಾಕಲು ಉಳಿಸಿಕೊಳ್ಳಿ. ಹಸು ತಿನ್ನುತ್ತಾ ನಿಂತಿರುತ್ತದೆ, ನೀವು ನಿಶ್ಚಿಂತೆಯಿಂದ ಡೇರಿಗೆ ಹೋಗಬಹುದು. ಮೂರು ಭಾಗ ಪೊವಿಡೋನ್ ಅಯೋಡಿನ್‌ಗೆ ಒಂದು ಭಾಗ ಗ್ಲಿಸರಿನ್ ಸೇರಿಸಿ ತೊಟ್ಟುಗಳನ್ನು ಅದ್ದಿದರೆ ಚಳಿಗಾಳಿಗೆ ತೊಟ್ಟು ಒಡೆಯುವುದೂ ನಿಲ್ಲುತ್ತದೆ.

ಇಷ್ಟನ್ನೂ ದಿನವೂ ನೀವೇ ನಿಂತು ಮಾಡಲಾಗದು ಎಂಬುದು ನನಗೂ ಗೊತ್ತು. ಹಾಗಾದರೆ ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಹಸು ಬೆದೆಗೆ ಬಂದ ದಿನವನ್ನು ಸುತ್ತು ಹಾಕಿ, ಅಲ್ಲಿಂದ 18ನೇ ದಿನದಿಂದ 24ನೇ ದಿನದವರೆಗೆ ಗೆರೆ ಎಳೆಯಿರಿ. ಆ ಒಂದು ವಾರ ಮಾತ್ರ ಬ್ಯಾಟರಿ ಹಿಡಿದು ಮುಂಜಾನೆ ನೀವೇ ಕೊಟ್ಟಿಗೆಗೆ ಹೋಗಿ. ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಕಾರ್ಯಕರ್ತರಿಗೆ ಫೋನು ಮಾಡುವಾಗ "ಹಸು ಬೆದೆಗೆ ಬಂದಿದೆ" ಎಂದಷ್ಟೇ ಹೇಳದೆ ಮೊದಲು ಕಂಡದ್ದು ಎಷ್ಟು ಗಂಟೆಗೆ ಎಂಬುದನ್ನೂ ಹೇಳಿ. ಗರ್ಭ ಕಟ್ಟಿಸಿದ ದಿನಕ್ಕೂ ಹಾಗೆಯೇ ಸುತ್ತು ಹಾಕಿ ಮತ್ತೆ 18ರಿಂದ 24ನೇ ದಿನ ಗಮನಿಸಿ. ಬೆದೆ ಮರಳದಿದ್ದರೆ ಎರಡೂವರೆ, ಮೂರು ತಿಂಗಳಿಗೆ ಗರ್ಭ ತಪಾಸಣೆಗೆ ಬರೆಸಿ.