ಉದ್ಯಮಗಳ ಸಾಮಾಜಿಕ ಹೊಣೆ

ಯಾವ ಉದ್ಯಮವೂ ಒಂಟಿಯಾಗಿ ಬೆಳೆಯಲಾರದು. ಕಾರ್ಖಾನೆಯೊಂದು ತಲೆಯೆತ್ತಬೇಕಾದರೆ ಅದಕ್ಕೆ ನೆಲ ಬೇಕು, ನೀರು ಬೇಕು, ದುಡಿಯುವ ಕೈಗಳು ಬೇಕು. ತಯಾರಾದ ಸರಕನ್ನು ಸಾಗಿಸಲು ರಸ್ತೆಯೂ ರೈಲೂ ಬೇಕು. ಕೊಳ್ಳಲು ಜನ ಬೇಕು. ಬಂಡವಾಳ ಹೂಡಿದವರು ಲಾಭವನ್ನು ಬಯಸುವುದು ಸಹಜವೇ. ಲಾಭವಿಲ್ಲದ ಉದ್ಯಮ ಬಹುಕಾಲ ಬಾಳದು. ಅದನ್ನೇ ನಂಬಿದ ಕಾರ್ಮಿಕರಿಗೂ ಆಗ ಆಸರೆ ತಪ್ಪುತ್ತದೆ. ಆದರೆ ಆ ಲಾಭದ ಹಿಂದೆ ಸಮಾಜದ ನೆಲ, ಜಲ, ಶ್ರಮಗಳೆಲ್ಲ ಇರುವುದರಿಂದ ಉದ್ಯಮವು ಸಮಾಜಕ್ಕೆ ಋಣಿಯಾಗಿದೆ. ಈ ಋಣವನ್ನು ಅರಿತು ನಡೆದುಕೊಳ್ಳುವುದೇ ಉದ್ಯಮಗಳ ಸಾಮಾಜಿಕ ಹೊಣೆ.

ಭಾರತದಲ್ಲಿ ಈ ಹೊಣೆಯನ್ನು ಬಹು ಹಿಂದೆಯೇ ಮನಗಂಡವರಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಪ್ರಮುಖರು. 1839ರಲ್ಲಿ ಗುಜರಾತಿನ ನವಸಾರಿಯಲ್ಲಿ ಜನಿಸಿದ ಅವರು ವ್ಯಾಪಾರದಿಂದಲೂ ಬಟ್ಟೆಯ ಗಿರಣಿಗಳಿಂದಲೂ ಸಂಪತ್ತನ್ನು ಗಳಿಸಿದರು. ದೇಶದಲ್ಲಿ ದೊಡ್ಡದೊಂದು ಉಕ್ಕಿನ ಕಾರ್ಖಾನೆಯನ್ನು ಸ್ಥಾಪಿಸಬೇಕೆಂಬುದು ಅವರ ಹಿರಿಯಾಸೆಯಾಗಿತ್ತು. ಕಾರ್ಖಾನೆಗೆ ತಕ್ಕ ಸ್ಥಳ ಗೊತ್ತಾಗುವ ಮೊದಲೇ, 1902ರಲ್ಲಿ, ಅವರು ಮಗ ದೊರಾಬ್ಜಿಗೆ ಪತ್ರ ಬರೆದು ಕಾರ್ಮಿಕರ ಊರು ಹೇಗಿರಬೇಕೆಂಬುದನ್ನು ವಿವರಿಸಿದರು. ಬೀದಿಗಳು ಅಗಲವಾಗಿರಬೇಕು; ಅವುಗಳ ಬದಿಯಲ್ಲಿ ನೆರಳಿನ ಮರಗಳಿರಬೇಕು; ತೋಟಗಳಿಗೂ ಆಟದ ಬಯಲುಗಳಿಗೂ ಸಾಕಷ್ಟು ಜಾಗವಿರಬೇಕು; ದೇವಾಲಯ, ಮಸೀದಿ, ಚರ್ಚುಗಳಿಗೂ ಸ್ಥಳ ಮೀಸಲಾಗಿರಬೇಕು ಎಂಬುದು ಅವರ ಸೂಚನೆ.

1904ರಲ್ಲಿ ಜಮ್‌ಷೆಟ್‌ಜಿಯವರು ತೀರಿಕೊಂಡರು. ಅವರ ಕನಸು ಮಾತ್ರ ಅಳಿಯಲಿಲ್ಲ. 1907ರಲ್ಲಿ ಟಾಟಾ ಉಕ್ಕಿನ ಕಂಪನಿಯು ಸ್ಥಾಪನೆಯಾಯಿತು. ಸಾಕ್ಚಿ ಎಂಬ ಹಳ್ಳಿಯ ಬಳಿ ಕಾರ್ಖಾನೆ ಎದ್ದುನಿಂತು, 1912ರಲ್ಲಿ ಉಕ್ಕನ್ನು ತಯಾರಿಸತೊಡಗಿತು. ಮುಂದೆ 1919ರಲ್ಲಿ ಆ ಊರಿಗೆ ಜಮ್‌ಷೆಡ್‌ಪುರವೆಂದು ಹೆಸರಾಯಿತು. ಅಲ್ಲಿ 1912ರಲ್ಲಿಯೇ ದಿನಕ್ಕೆ 8 ಗಂಟೆಗಳ ದುಡಿಮೆಯ ಕ್ರಮವು ಜಾರಿಗೆ ಬಂದಿತು. 1915ರಲ್ಲಿ ಉಚಿತ ವೈದ್ಯಕೀಯ ನೆರವು, 1920ರಲ್ಲಿ ವೇತನ ಸಹಿತ ರಜೆ, 1928ರಲ್ಲಿ ಹೆರಿಗೆಯ ಸೌಲಭ್ಯ ದೊರೆತವು. ಇವುಗಳಲ್ಲಿ ಹಲವು ದೇಶದ ಕಾನೂನಿನಲ್ಲಿ ಸೇರಲು ಇನ್ನೂ ಅನೇಕ ವರ್ಷಗಳು ಬೇಕಾದುವು. ಆದರೆ ಎಲ್ಲ ಸೌಲಭ್ಯಗಳೂ ಒಡೆಯರ ಔದಾರ್ಯದಿಂದಲೇ ಬಂದುವೆಂದು ಭಾವಿಸಲಾಗದು. 1920ರಲ್ಲಿಯೂ 1928ರಲ್ಲಿಯೂ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದರು. ಒಡೆಯನ ದೂರದೃಷ್ಟಿ, ದುಡಿಯುವವನ ಹಕ್ಕಿನ ಅರಿವು ಇವೆರಡೂ ಕೂಡಿದಾಗಲೇ ನ್ಯಾಯವು ನೆಲೆಗೊಳ್ಳುತ್ತದೆ.

ಉದ್ಯಮದ ಹೊಣೆ ಕಾರ್ಖಾನೆಯ ಗೋಡೆಗಳೊಳಗೇ ಮುಗಿಯುವುದಿಲ್ಲ. ಭಾರತದ ತರುಣರು ಇಲ್ಲಿಯೇ ಉನ್ನತ ವಿಜ್ಞಾನವನ್ನು ಕಲಿಯಬೇಕೆಂದು ಜಮ್‌ಷೆಟ್‌ಜಿಯವರು ಮುಂಬಯಿಯಲ್ಲಿದ್ದ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಕೊಡಮಾಡಿದರು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ನೀಡಿತು. ಹೀಗೆ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಕೊಟ್ಟವರು ಅದನ್ನು ಕಣ್ಣಾರೆ ಕಾಣಲಿಲ್ಲ. ಅದರ ಫಲವನ್ನು ಮಾತ್ರ ಇಂದಿಗೂ ದೇಶವು ಉಣ್ಣುತ್ತಿದೆ.

ಕರ್ನಾಟಕದಲ್ಲಿ ಇದೇ ಬಗೆಯ ಇನ್ನೊಂದು ಪ್ರಯತ್ನವೂ ನಡೆಯಿತು. ಹಳ್ಳಿಯ ತರುಣರು ಕೆಲಸವಿಲ್ಲದೆ ಬಳಲುತ್ತಿದ್ದುದನ್ನು ಕಂಡು ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಕಾರ ಪಡೆದು, 1982ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಸ್ವ-ಉದ್ಯೋಗ ತರಬೇತಿ ಸಂಸ್ಥೆಯೊಂದನ್ನು ಆರಂಭಿಸಿದರು. ಊಟ, ವಸತಿ, ಶಿಕ್ಷಣ ಎಲ್ಲವೂ ಅಲ್ಲಿ ಉಚಿತ. ಹೊಲಿಗೆ, ಹೈನುಗಾರಿಕೆ, ಯಂತ್ರಗಳ ದುರಸ್ತಿ ಮೊದಲಾದ ಕಸುಬುಗಳನ್ನು ಕೆಲವೇ ವಾರಗಳಲ್ಲಿ ಕಲಿಸಿ, ಕಲಿತವರು ಬ್ಯಾಂಕಿನ ಸಾಲ ಪಡೆದು ಸ್ವಂತ ಉದ್ಯೋಗ ಹೂಡಲು ಮಾರ್ಗದರ್ಶನ ನೀಡಲಾಗುತ್ತದೆ. ಈ ಮಾದರಿಯನ್ನು ಮೆಚ್ಚಿದ ಕೇಂದ್ರ ಸರ್ಕಾರವು ಮುಂದೆ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂತಹ ಸಂಸ್ಥೆಗಳನ್ನು ತೆರೆಯುವ ಯೋಜನೆಯನ್ನು ಕೈಗೊಂಡಿತು. ಒಂದು ದಿನದ ಅನ್ನವನ್ನು ನೀಡುವುದು ದಾನ. ದಿನದಿನದ ಅನ್ನವನ್ನು ಗಳಿಸುವ ಶಕ್ತಿಯನ್ನು ನೀಡುವುದು ಅದಕ್ಕಿಂತ ಹಿರಿದು.

ಉದ್ಯಮವು ತನ್ನ ಹೊಣೆಯನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಭೋಪಾಲದ ದುರಂತವೇ ಸಾಕ್ಷಿ. 1984ರ ಡಿಸೆಂಬರ್ 2ರ ನಡುರಾತ್ರಿಯ ವೇಳೆ ಅಲ್ಲಿನ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಎಂಬ ವಿಷಾನಿಲವು ಸೋರಿತು. ಅನಿಲವನ್ನು ತಡೆಯಬೇಕಾಗಿದ್ದ ಸುರಕ್ಷಾ ಸಾಧನಗಳು ಆ ರಾತ್ರಿ ಕೆಲಸಕ್ಕೆ ಬರಲಿಲ್ಲ. ಸುತ್ತಲಿನ ಗುಡಿಸಲುಗಳಲ್ಲಿ ಮಲಗಿದ್ದ ಸಾವಿರಾರು ಬಡವರು ಪ್ರಾಣ ತೆತ್ತರು; ಲಕ್ಷಾಂತರ ಜನ ನರಳಿದರು. ಅಂತಹ ಕಾರ್ಖಾನೆಯು ಎಷ್ಟು ಶಾಲೆಗಳನ್ನು ಕಟ್ಟಿಸಿದರೂ, ಎಷ್ಟು ಆಸ್ಪತ್ರೆಗಳನ್ನು ತೆರೆದರೂ ಹೋದ ಜೀವಗಳು ಮರಳಿ ಬರಲಾರವು. ನೆರೆಯವರಿಗೆ ಕೇಡಾಗದಂತೆ ನಡೆದುಕೊಳ್ಳುವುದೇ ಉದ್ಯಮದ ಮೊದಲ ಹೊಣೆ.

ಉದ್ಯಮಗಳ ಸಮಾಜಸೇವೆಯು ಬಹುಕಾಲ ಅವುಗಳ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. 2013ರ ಕಂಪನಿಗಳ ಕಾಯ್ದೆಯು ಅದನ್ನು ಕರ್ತವ್ಯವನ್ನಾಗಿ ಮಾಡಿತು. 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮದಂತೆ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭವುಳ್ಳ ಕಂಪನಿಯು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇಕಡ 2ರಷ್ಟನ್ನು ಸಮಾಜದ ಹಿತಕ್ಕಾಗಿ ವೆಚ್ಚ ಮಾಡಬೇಕು. ಲಾಭ ಅಷ್ಟಿಲ್ಲದಿದ್ದರೂ, ಆಸ್ತಿ ಇಲ್ಲವೆ ವಹಿವಾಟು ಬಹಳ ದೊಡ್ಡದಾಗಿರುವ ಕಂಪನಿಗಳೂ ಈ ನಿಯಮಕ್ಕೆ ಒಳಪಡುತ್ತವೆ. ಹಸಿವಿನ ನಿವಾರಣೆ, ಆರೋಗ್ಯ, ಶಿಕ್ಷಣ, ಪರಿಸರ ರಕ್ಷಣೆ, ಗ್ರಾಮಾಭಿವೃದ್ಧಿ ಮುಂತಾದವು ಈ ವೆಚ್ಚಕ್ಕೆ ಅರ್ಹವಾದ ಕಾರ್ಯಗಳು. ಕಂಪನಿಯು ನೆಲೆಸಿರುವ ಪ್ರದೇಶಕ್ಕೆ ಆದ್ಯತೆ ಸಲ್ಲಬೇಕು. ತನ್ನ ನೌಕರರಿಗೆ ಮಾತ್ರ ಒದಗಿಸಿದ ಅನುಕೂಲವಾಗಲಿ, ರಾಜಕೀಯ ಪಕ್ಷಗಳಿಗೆ ಕೊಟ್ಟ ದೇಣಿಗೆಯಾಗಲಿ ಈ ಲೆಕ್ಕಕ್ಕೆ ಸೇರುವುದಿಲ್ಲ.

ಆದರೆ ಕಾನೂನು ಹಣದ ಲೆಕ್ಕವನ್ನು ಕೇಳಬಲ್ಲುದು. ಮನಸ್ಸಿನ ಲೆಕ್ಕವನ್ನು ಕೇಳಲಾರದು. ಹೊಳೆಗೆ ವಿಷವನ್ನು ಹರಿಯಬಿಟ್ಟು, ಅದೇ ಹೊಳೆಯ ದಡದ ಊರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟರೆ ಅದು ಗೋವನ್ನು ಕೊಂದು ಪಾದರಕ್ಷೆಯನ್ನು ದಾನ ಮಾಡಿದಂತೆಯೇ ಸರಿ. ಶೇಕಡ 2ರಷ್ಟು ಲಾಭವನ್ನು ಹೇಗೆ ವೆಚ್ಚ ಮಾಡಲಾಯಿತೆಂಬುದು ಮುಖ್ಯ. ಪೂರ್ತಿ ಲಾಭವನ್ನು ಹೇಗೆ ಗಳಿಸಲಾಯಿತೆಂಬುದು ಅದಕ್ಕಿಂತಲೂ ಮುಖ್ಯ. ದುಡಿಯುವವರಿಗೆ ನ್ಯಾಯ, ನೆರೆಯವರಿಗೆ ಅಭಯ, ಮುಂದಿನ ಪೀಳಿಗೆಗೆ ಶುದ್ಧವಾದ ನೆಲಜಲ ಇವನ್ನು ಉಳಿಸಿಕೊಂಡು ಬೆಳೆದ ಉದ್ಯಮವೇ ಸಮಾಜದ ಋಣವನ್ನು ನಿಜವಾಗಿ ತೀರಿಸಿದ ಉದ್ಯಮವೆನಿಸುತ್ತದೆ.