ಕಾಯಿಪಲ್ಯ ಸಪ್ಪೆಯೆಂಬ ಸುಳ್ಳು

ಮಾಂಸವಿಲ್ಲದ ಊಟಕ್ಕೆ ಸ್ವಂತ ರುಚಿ ಎಂಬುದೇ ಇಲ್ಲ, ಎಣ್ಣೆ, ಖಾರ, ಮಸಾಲೆ ಸುರಿದು ಅದಕ್ಕೆ ರುಚಿ ತರಬೇಕು ಎಂಬ ಮಾತು ನವಲಗುಂದ, ಅಣ್ಣಿಗೇರಿ, ಕುಂದಗೋಳದ ಸುತ್ತ ಬಲವಾಗಿ ಬೇರೂರಿದೆ. ಮಾಂಸ ತಿನ್ನುವವರು ಹಾಗೆ ಅಂದರೆ ನಾಲಿಗೆಯ ಅಭ್ಯಾಸ ಎಂದು ಬಿಡಬಹುದು. ಅವರ ಮನೆಗಳಲ್ಲೂ ಮಾಂಸ ಬೇಯುವುದು ವಾರಕ್ಕೊಮ್ಮೆಯೋ ಹಬ್ಬಕ್ಕೋ, ಉಳಿದ ರಾತ್ರಿಗಳಿಗೆ ರೊಟ್ಟಿ ಪಲ್ಯವೇ ಗತಿ. ಆದರೆ ತಲೆಮಾರುಗಳಿಂದ ಕಾಳು, ಸೊಪ್ಪು, ಬದನೆಕಾಯಿಯಲ್ಲೇ ಬೆಳೆದ ಮನೆಗಳೂ ಇದನ್ನು ನಂಬಿಬಿಟ್ಟಿರುವುದು ತಾಳ್ಮೆಗೆಡಿಸುವ ಸಂಗತಿ. ರಾತ್ರಿ ಬೀಗರು ಬರುತ್ತಾರೆಂದರೆ ಪನೀರ್ ತರಲು ಗಾಡಿ ಓಡುತ್ತದೆ. ಹೆಸರುಕಾಳಿನ ಪಲ್ಯಕ್ಕೂ ಪಾಕೀಟು ಮಸಾಲೆ ಬೀಳುತ್ತದೆ. ಮೇಲೆ ಎಣ್ಣೆ ತೇಲದಿದ್ದರೆ ಬಡಿಸುವವರಿಗೇ ಸಂಕೋಚ. ಅಟ್ಟದ ಡಬ್ಬಿಯಲ್ಲಿ ಅಗಸಿ, ಗುರೆಳ್ಳು, ಶೇಂಗಾ, ಮನೆಯ ಹೊಲದ್ದೇ ಒಣಮೆಣಸಿನಕಾಯಿ ಇರುವಾಗ ನಡೆಯುವ ಕೆಲಸ ಇದು.

ಮೊದಲು ಮಾಂಸದ ರುಚಿ ಎಲ್ಲಿಂದ ಬರುತ್ತದೆಂದು ನೋಡೋಣ. ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವುದೂ ಇಲ್ಲದೆ ಬರೀ ನೀರಿನಲ್ಲಿ ಕುದಿಸಿದ ಮಾಂಸವನ್ನು ಯಾರೂ ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲ. ಹುಬ್ಬಳ್ಳಿ ಗದುಗಿನ ಸಾವಜಿ ಸಾರನ್ನು ಹೊಗಳುವವರು ನೆನಪಿಟ್ಟುಕೊಳ್ಳುವುದು ಅದರಲ್ಲಿ ಹುರಿದು ಅರೆದ ಮಸಾಲೆಯನ್ನೇ. ಹಾಗೆಂದು ಮಾಂಸದಲ್ಲಿ ಏನೂ ಇಲ್ಲವೆಂದಲ್ಲ. ಉಪ್ಪು, ಹುಳಿ, ಸಿಹಿ, ಕಹಿಗಳ ಜೊತೆಗೆ ನಾಲಿಗೆ ಗುರುತಿಸುವ ಐದನೆಯ ರುಚಿಯೊಂದಿದೆ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಅದನ್ನು ಬೇರ್ಪಡಿಸಿ ಉಮಾಮಿ ಎಂದು ಹೆಸರಿಟ್ಟರು. ಬಾಯಿ ತುಂಬಿದಂತಾಗಿ ನುಂಗಿದ ಮೇಲೂ ಉಳಿಯುವ ಆ ಸವಿಗೆ ಕಾರಣ ಗ್ಲುಟಮೇಟ್. ಇಕೆಡಾ ಅದನ್ನು ತೆಗೆದದ್ದು ಕೊಂಬು ಎಂಬ ಸಮುದ್ರಪಾಚಿಯಿಂದ. ಮಾಂಸದ್ದೆಂದು ಜನ ನಂಬಿರುವ ಈ ರುಚಿ ವಿಜ್ಞಾನಕ್ಕೆ ಮೊದಲು ಸಿಕ್ಕಿದ್ದೇ ಸೊಪ್ಪಿನ ಜಾತಿಯ ಪದಾರ್ಥದಲ್ಲಿ. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮಾ ಒಣಮೀನಿನಲ್ಲಿ ಇನೋಸಿನೇಟ್ ಎಂಬ ಇನ್ನೊಂದು ಅಂಶವನ್ನು ಕಂಡುಕೊಂಡರು. ಮಾಂಸ ಮೀನುಗಳಲ್ಲಿ ಧಾರಾಳವಾಗಿರುವ ಇದು ಗ್ಲುಟಮೇಟಿನ ಜೊತೆ ಸೇರಿದಾಗ ಎರಡರ ಬಲವೂ ಹೆಚ್ಚುತ್ತದೆ. ಮಾಂಸಕ್ಕೆ ಇರುವ ನಿಜವಾದ ಅನುಕೂಲ ಇಷ್ಟು, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಣ್ಣಾದ ಟೊಮೇಟೊದಲ್ಲಿ, ಅದರಲ್ಲೂ ಬೀಜದ ಸುತ್ತಲಿನ ಲೋಳೆಯಲ್ಲಿ, ಗ್ಲುಟಮೇಟ್ ಚೆನ್ನಾಗಿದೆ. ದೋರೆಗಾಯಿ ಟೊಮೇಟೊ ಹಾಕಿ ಸಾರು ಸಪ್ಪಗಾಯಿತೆಂದು ಮಸಾಲೆಗೆ ಕೈ ಚಾಚುವವರು ನಾಲ್ಕು ಕಳಿತ ಹಣ್ಣು ಹಾಕಿದ್ದರೆ ಸಾಕಿತ್ತು. ಇನ್ನು ಎಲ್ಲರೂ ತರಲು ಓಡುವ ಪನೀರ್ ಹಾಲನ್ನು ಹುಳಿಯಿಂದ ಒಡೆಸಿ ಹಿಂಡಿದ ತಾಜಾ ಗಿಣ್ಣು. ತಿಂಗಳುಗಟ್ಟಲೆ ಕಳಿತ ಗಿಣ್ಣುಗಳಲ್ಲಿ ಹುಟ್ಟುವ ಗ್ಲುಟಮೇಟ್ ಇದರಲ್ಲಿ ಹುಟ್ಟುವಷ್ಟು ಹೊತ್ತೇ ಇರುವುದಿಲ್ಲ. ರುಚಿಗೆಂದು ತಂದ ಪದಾರ್ಥವೇ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಸಪ್ಪೆ.

ಉಳಿದ ಬಹುಪಾಲು ರುಚಿ ಬೆಂಕಿಯದು. ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದ ಒಂದು ರಾಸಾಯನಿಕ ಕ್ರಿಯೆ ಅವರ ಹೆಸರಿನಿಂದಲೇ ಪ್ರಸಿದ್ಧ. ಪ್ರೋಟೀನಿನ ಅಮೈನೊ ಆಮ್ಲಗಳೂ ಸಕ್ಕರೆಯ ಅಂಶವೂ ಬಿಸಿಯಲ್ಲಿ ಕೂಡಿ ಕಂದು ಬಣ್ಣವನ್ನೂ ನೂರಾರು ಹೊಸ ಪರಿಮಳಗಳನ್ನೂ ಹುಟ್ಟಿಸುತ್ತವೆ. ಅಡುಗೆಯಲ್ಲಿ ಇದು ಬಿರುಸಾಗಿ ನಡೆಯುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ನೀರು 100 ಡಿಗ್ರಿಗೆ ಕುದಿಯುತ್ತದೆ, ಆಮೇಲೆ ಎಷ್ಟು ಉರಿ ಹಾಕಿದರೂ ಬಿಸಿ ಏರುವುದಿಲ್ಲ. ಸುಟ್ಟ ಮಾಂಸ ಘಮ್ಮೆನ್ನುವುದೂ, ಹಂಚಿನ ಮೇಲೆ ಜೋಳದ ರೊಟ್ಟಿಗೆ ಕಂದು ಚುಕ್ಕಿ ಬಿದ್ದಾಗ ಓಣಿಗೆಲ್ಲ ವಾಸನೆ ಹರಡುವುದೂ ಇದೇ ಕ್ರಿಯೆಯಿಂದ. ಪ್ರಾಣಿ, ಗಿಡ ಎಂಬ ಭೇದ ಅದಕ್ಕಿಲ್ಲ. ಪಲ್ಯ ಸಪ್ಪೆಯಾಗುವುದು ಕಾಯಿಯ ದೋಷದಿಂದ ಎನ್ನುವವರು ಆ ಕಾಯಿಗೆ ನೀರು ಮುಟ್ಟುವ ಮೊದಲು ಬೆಂಕಿ ಮುಟ್ಟಿತ್ತೇ ಎಂದು ಕೇಳಿಕೊಳ್ಳುವುದಿಲ್ಲ.

ಎಣ್ಣೆಗಾಯಿಯನ್ನೇ ತೆಗೆದುಕೊಳ್ಳಿ. ಸಣ್ಣ ಮುಳಗಾಯಿಯ ತೊಟ್ಟು ಉಳಿಸಿ ನಾಲ್ಕಾಗಿ ಸೀಳಿ ಉಪ್ಪುನೀರಿಗೆ ಬಿಡುತ್ತಾರೆ, ಅಲ್ಲಿಯವರೆಗೆ ಎಲ್ಲ ಮನೆಗಳಲ್ಲೂ ಒಂದೇ. ಬೇರೆಯಾಗುವುದು ಹುರಿಯುವಲ್ಲಿ. ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಸಡಿಲಾಗಿ ಒಳಗಿನ ಕಾಳಿನ ಮೇಲೆ ಕಂದು ಮಚ್ಚೆ ಮೂಡುವವರೆಗೂ ಹುರಿಯಬೇಕು. ಹೊರಗೆ ಸುಟ್ಟು ಒಳಗೆ ಬಿಳಿ ಉಳಿದರೆ ಅದು ಹಸಿ ಶೇಂಗಾವೇ. ಕಾಲು ಭಾಗ ಪ್ರೋಟೀನು, ಹೆಚ್ಚುಕಡಿಮೆ ಅರ್ಧ ಎಣ್ಣೆ ಇರುವ ಕಾಳದು. ಕಂದು ಪರಿಮಳ ಹುಟ್ಟಲು ಬೇಕಾದದ್ದೂ ಹುಟ್ಟಿದ್ದನ್ನು ಹಿಡಿದಿಡಲು ಬೇಕಾದದ್ದೂ ಅದರೊಳಗೇ ಇವೆ. ಅಗಸಿ ಹಸಿಯಾಗಿದ್ದಾಗ ಮೂಗಿಗೆ ಏನನ್ನೂ ಹೇಳುವುದಿಲ್ಲ, ಹಂಚಿನ ಮೇಲೆ ಚಟಪಟ ಅಂದಾಗ ಬೇರೆಯೇ ಪದಾರ್ಥವಾಗುತ್ತದೆ. ಗುರೆಳ್ಳನ್ನು ಕೊನೆಗೆ ಹಾಕಬೇಕು, ಅದು ಬೇಗ ಸೀಯುತ್ತದೆ. ಇವನ್ನು ಒಣಕೊಬ್ಬರಿ, ಖಾರ, ಬಳ್ಳೊಳ್ಳಿ, ಹುಣಸೆ, ಚೂರು ಬೆಲ್ಲದೊಂದಿಗೆ ಕುಟ್ಟಿ ತುಂಬಿದ ಕಾಯಿಯನ್ನು ಮೊದಲು ಎಣ್ಣೆಯಲ್ಲಿ ಮಗ್ಗುಲು ಬದಲಿಸುತ್ತ ಹೊರಮೈ ಕಂದಾಗುವವರೆಗೆ ಬಾಡಿಸಿ, ಆಮೇಲೆ ನೀರು ಚಿಮುಕಿಸಿ ಮುಚ್ಚಬೇಕು. ಮೊದಲಿಗೇ ನೀರು ಹಾಕಿ ಮುಚ್ಚಿದರೆ ಕಾಯಿ ಉಗಿಯಲ್ಲಿ ಬೇಯುತ್ತದೆ, ಮೆತ್ತಗಾಗುತ್ತದೆ, ಸಪ್ಪಗಾಗುತ್ತದೆ. ಆ ಸಪ್ಪೆಯನ್ನು ಮುಚ್ಚಲು ಇನ್ನೆರಡು ಸೌಟು ಎಣ್ಣೆ ಬೀಳುತ್ತದೆ, ನಮ್ಮ ಅಡುಗೆಗೆ ಎಣ್ಣೆ ಜಾಸ್ತಿ ಬೇಕು ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಎಣ್ಣೆಯ ಕೆಲಸ ಪರಿಮಳವನ್ನು ಹೊರುವುದು. ಜೀರಿಗೆ, ಇಂಗು, ಕರಿಬೇವಿನ ಘಮ ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತದೆ. ಚೆನ್ನಾಗಿ ಕಾದ ಎರಡು ಚಮಚೆ ಎಣ್ಣೆಗೆ ಸಾಸಿವೆ ಸಿಡಿದ ಮೇಲೆ ಜೀರಿಗೆ, ಅದರ ಹಿಂದೆ ಕರಿಬೇವು, ಬಳ್ಳೊಳ್ಳಿ, ಉರಿ ತಗ್ಗಿಸಿ ಕೊನೆಗೆ ಖಾರದ ಪುಡಿ ಬಿದ್ದರೆ ಆಗುವ ಒಗ್ಗರಣೆ, ಕಾಯದ ಅರ್ಧ ಬಟ್ಟಲು ಎಣ್ಣೆಗೆ ಎಲ್ಲವನ್ನೂ ಒಮ್ಮೆಲೇ ಸುರಿದರೆ ಆಗುವುದಿಲ್ಲ. ಬಳ್ಳೊಳ್ಳಿಯನ್ನಂತೂ ಜಜ್ಜಿ ಹತ್ತು ನಿಮಿಷ ಬಿಟ್ಟು ಎಣ್ಣೆಗೆ ಹಾಕಬೇಕು. ಅದರ ತೀಕ್ಷ್ಣ ಪರಿಮಳ ಎಸಳಿನಲ್ಲಿ ಮೊದಲೇ ಇರುವುದಿಲ್ಲ, ಜಜ್ಜಿದಾಗ ಒಳಗಿನ ಕಿಣ್ವವೊಂದು ಅದನ್ನು ಹುಟ್ಟಿಸುತ್ತದೆ, ಬಿಸಿ ತಾಗಿದರೆ ಆ ಕಿಣ್ವ ಸಾಯುತ್ತದೆ.

ಹುಳಿಯ ವಿಷಯದಲ್ಲಿ ಈ ಎರೆಭೂಮಿಯಷ್ಟು ಭಾಗ್ಯ ಎಲ್ಲ ಕಡೆ ಇಲ್ಲ. ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ–1 ಕಡಲೆ ತಳಿ ರಾಜ್ಯದ ರೈತರಿಗೆಲ್ಲ ಗೊತ್ತು. ಹಿಂಗಾರಿನಲ್ಲಿ ಆ ಗಿಡದ ಎಲೆಯ ಮೇಲಿನ ಸೂಕ್ಷ್ಮ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲವನ್ನು ಒಸರುತ್ತವೆ. ಬೆಳಗಿನ ಇಬ್ಬನಿಯಲ್ಲಿ ಹೊಲ ಹೊಕ್ಕವರ ಕಾಲು ಚುರುಗುಟ್ಟುವುದು ಅದಕ್ಕೇ. ರಾತ್ರಿ ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಸಂಗ್ರಹಿಸುವ ರೂಢಿಯೂ ಉಂಟು. ಕಡ್ಲಿ ಪಲ್ಯಕ್ಕೆ, ಪುಂಡಿ ಪಲ್ಯಕ್ಕೆ ಹುಳಿ ಗಿಡದಲ್ಲೇ ಬಂದಿರುತ್ತದೆ, ಜೋಳದ ನುಚ್ಚು, ಬಳ್ಳೊಳ್ಳಿ ಒಗ್ಗರಣೆ ಕೂಡಿದರೆ ಮುಗಿಯಿತು. ಊಟ ಸಪ್ಪೆ ಅನ್ನಿಸಿದಾಗ ಹತ್ತರಲ್ಲಿ ಏಳೆಂಟು ಸಲ ಕೊರತೆ ಇರುವುದು ಹುಳಿಯದೋ ಉಪ್ಪಿನದೋ ಆಗಿರುತ್ತದೆ. ಅದನ್ನು ಗುರುತಿಸದೆ ಖಾರ ಹೆಚ್ಚಿಸುವುದು ರೂಢಿ.

ಖಾರವೇ ರುಚಿ ಎಂದು ವಾದಿಸುವವರಿಗೆ ಒಂದು ಮಾತು. ಖಾರ ನಾಲಿಗೆಯ ರುಚಿಗಳ ಪಟ್ಟಿಯಲ್ಲೇ ಇಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕುವುದು ಸುಡುವ ಬಿಸಿಯನ್ನು ಅರಿಯುವ ನರದ ಗ್ರಾಹಕವನ್ನು. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ತೋರಿಸಿತು, 2021ರಲ್ಲಿ ಅವರು ನೊಬೆಲ್ ಪಡೆದವರಲ್ಲೊಬ್ಬರಾದರು. ಹದವಾದ ಖಾರ ಊಟಕ್ಕೆ ಹುರುಪು ಕೊಡುವುದು ಖರೆ. ಹದ ಮೀರಿದರೆ ಉರಿಯ ಹೊರತು ಬೇರೇನೂ ಬಾಯಿಗೆ ತಿಳಿಯುವುದಿಲ್ಲ, ಮಕ್ಕಳು ತಾಟು ಸರಿಸುತ್ತಾರೆ, ಮಕ್ಕಳಿಗೆ ಪಲ್ಯ ಸೇರುವುದಿಲ್ಲ ಎಂಬ ಇನ್ನೊಂದು ನಂಬಿಕೆ ಹುಟ್ಟುತ್ತದೆ. ಕೆಂಪಗಿದ್ದಷ್ಟೂ ಖಾರ ಎಂಬುದು ಅದರದೇ ತಮ್ಮ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರೇ ಗಾಢ ಬಣ್ಣಕ್ಕೂ ಕಡಿಮೆ ಖಾರಕ್ಕೂ. ಅದನ್ನು ಬೆಳೆಯುವ ಕುಂದಗೋಳದ ಸೀಮೆಯವರೂ ಹೀಗೆ ನಂಬಿದರೆ ಏನು ಹೇಳಬೇಕು?

ಇಷ್ಟೆಲ್ಲ ಹುರಿದು ಕುಟ್ಟಲು ಹೊತ್ತೆಲ್ಲಿ, ಹೊಲದಿಂದ, ಕೆಲಸದಿಂದ ದಣಿದು ಬಂದ ಹೆಣ್ಣುಮಗಳಿಗೆ ಪಾಕೀಟು ಆಸರೆಯಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಉತ್ತರವೂ ಈ ಸೀಮೆಯಲ್ಲೇ ಇದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳನ್ನು ಒಮ್ಮೆ ಕುಟ್ಟಿದರೆ ವಾರಗಟ್ಟಲೆ ಬರುತ್ತವೆ. ಕೆಂಪು ಹಣ್ಣುಮೆಣಸಿನಕಾಯಿಯ ರಂಜಕ ಉಪ್ಪಿನಲ್ಲಿ ಕಳಿತಷ್ಟೂ ರುಚಿಯಾಗುತ್ತದೆ. ಬೆಳಿಗ್ಗೆ ಮಡಿಕೆಕಾಳು ನೆನೆಸಿಟ್ಟರೆ ಸಂಜೆ ಕುಕ್ಕರ್ ಉಳಿದ ಕೆಲಸ ಮಾಡುತ್ತದೆ. ಏನೂ ಇಲ್ಲದ ರಾತ್ರಿ ಕಡಲೆಹಿಟ್ಟಿನ ಝುಣಕ ಅರ್ಧ ಗಂಟೆಯೊಳಗೆ ಆಗುತ್ತದೆ. ಹಿಟ್ಟಿನ ಹಸಿವಾಸನೆ ಹೋಗಿ ತಳಕ್ಕೆ ಕೆಂಪು ಪದರ ಹತ್ತುವವರೆಗೆ ಬಿಟ್ಟರೆ ಆ ಪದರಕ್ಕೆ ಮಕ್ಕಳೇ ಜಗಳಾಡುತ್ತಾರೆ. ಹೊತ್ತು ಉಳಿಸಬೇಕೆಂಬುದು ಒಪ್ಪತಕ್ಕ ಮಾತು, ಆದರೆ ಅದರ ಭಾರ ಒಬ್ಬಳ ಮೇಲೇ ಬೀಳುವುದು ಒಪ್ಪತಕ್ಕದ್ದಲ್ಲ. ಶೇಂಗಾ ಹುರಿಯಲು, ಬಳ್ಳೊಳ್ಳಿ ಸುಲಿಯಲು ಮನೆಯ ಗಂಡಸರಿಗೂ ಕೈಗಳಿವೆ.

ಶಕ್ತಿ ಮಾಂಸದಲ್ಲಿ ಮಾತ್ರ ಎಂಬ ವಾದಕ್ಕೆ ಜೋಳದ ರೊಟ್ಟಿ ಮತ್ತು ಕಾಳೇ ಜವಾಬು: ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿ ಧಾರಾಳವಾಗಿದೆ. ಬಿ12 ಜೀವಸತ್ವ ಮಾತ್ರ ಕಾಳು ಸೊಪ್ಪುಗಳಲ್ಲಿ ಸಿಗುವುದಿಲ್ಲ, ಅದಕ್ಕೆ ಹಾಲು ಮೊಸರು ಬೇಕು, ಕೊರತೆ ಕಂಡರೆ ಡಾಕ್ಟರರ ಸಲಹೆ ಬೇಕು. ಕಾಳು ಬೇಯಲು ಸೋಡಾ ಬೇಕೇ ಬೇಕು ಎಂಬುದು ಬೋರ್‌ವೆಲ್ಲಿನ ಗಡಸು ನೀರು ಕಲಿಸಿದ ತಪ್ಪು ಪಾಠ. ಸಿಹಿನೀರಿನಲ್ಲಿ ನೆನೆಸಿ ಬೇಯಿಸಿ, ಬೆಂದ ಮೇಲೆ ಹುಣಸೆ ಹಾಕಿದರೆ ಬಿ1 ಜೀವಸತ್ವ ಕೆಡಿಸುವ ಸೋಡಾದ ಹಂಗಿರುವುದಿಲ್ಲ. ಟೇಸ್ಟಿಂಗ್ ಪೌಡರ್ ವಿಷ ಎನ್ನುವುದೂ ಅದಿಲ್ಲದೆ ರುಚಿಯಿಲ್ಲ ಎನ್ನುವುದೂ ಎರಡೂ ಸುಳ್ಳು, ಅದರಲ್ಲಿರುವುದು ಟೊಮೇಟೊದ ಅದೇ ಗ್ಲುಟಮೇಟ್.

ಕೊನೆಗೆ ಕಾಡುವುದು ಇಷ್ಟು ಸುಲಭವಾಗಿ ನಂಬುವ ಗುಣ. ಎಪಿಎಂಸಿಯಲ್ಲಿ ಇದೇ ಸೀಮೆಯ ರೈತರು ಮೆಣಸಿನಕಾಯಿಯನ್ನು ಮುರಿದು, ಮೂಸಿ, ಬೆಳಕಿಗೆ ಹಿಡಿದು ನೋಡದೆ ದರ ಒಪ್ಪುವುದಿಲ್ಲ, ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ಉದ್ದ ನೋಡುತ್ತಾರೆ. ಅದೇ ಕೈ ಅಂಗಡಿಯಲ್ಲಿ ಪಾಕೀಟಿನ ಮೇಲಿನ ಕೆಂಪು ಗ್ರೇವಿಯ ಚಿತ್ರ ನೋಡಿ ರೊಕ್ಕ ಕೊಟ್ಟು ಬರುತ್ತದೆ. ಪಾಕೀಟಿನ ಬೆನ್ನ ಮೇಲೆ ಪದಾರ್ಥಗಳ ಹೆಸರುಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕಬೇಕೆಂಬುದು ಕಾನೂನು. ಮೊದಲ ಮೂರು ಹೆಸರು ಓದಿದರೆ ಯಾವುದಕ್ಕೆ ರೊಕ್ಕ ಕೊಟ್ಟಿರೆಂದು ತಿಳಿಯುತ್ತದೆ, ಬಹಳ ಪಾಕೀಟುಗಳಲ್ಲಿ ಅದು ಕೊತ್ತಂಬರಿ ಬೀಜ, ಮೆಣಸಿನಪುಡಿ, ಉಪ್ಪು. ಅಂಗಡಿಯವನು ಹೇಳಿದ್ದು, ಮೊಬೈಲಿನ ವಿಡಿಯೊದಲ್ಲಿ ಕಂಡದ್ದು, ಮದುವೆ ಮನೆಯ ಭಟ್ಟರು ಮಾಡಿದ್ದು ಎಲ್ಲವೂ ಪ್ರಶ್ನೆಯಿಲ್ಲದೆ ಒಳಗೆ ಬರುತ್ತದೆ, ಮನೆಯ ಹಿರಿಯಳು ಹೇಳಿದ್ದಕ್ಕೆ ಮಾತ್ರ ಪುರಾವೆ ಕೇಳುತ್ತಾರೆ. ಹುಬ್ಬಳ್ಳಿ ಧಾರವಾಡದ ಲಿಂಗಾಯತ ಖಾನಾವಳಿಗಳಲ್ಲಿ ಮಾಂಸ ತಿನ್ನುವವರೂ ರೊಕ್ಕ ಕೊಟ್ಟು, ಸಾಲಲ್ಲಿ ಕಾದು ಉಣ್ಣುವುದು ಇದೇ ರೊಟ್ಟಿ, ಕಾಳು, ಎಣ್ಣೆಗಾಯಿ, ಹಿಂಡಿ. ನಂಬಿಕೆ ಬರದವರು ಒಂದು ರಾತ್ರಿ ಹೆಸರುಕಾಳಿನ ಪಲ್ಯವನ್ನು ಎರಡು ಬುಟ್ಟಿಯಲ್ಲಿ ಮಾಡಲಿ. ಉಪ್ಪು, ಎಣ್ಣೆ, ಹುಣಸೆ ಎರಡಕ್ಕೂ ಅಳೆದು ಅಷ್ಟಷ್ಟೇ ಹಾಕಲಿ, ಒಂದಕ್ಕೆ ಪಾಕೀಟು ಮಸಾಲೆ, ಇನ್ನೊಂದಕ್ಕೆ ಅವತ್ತೇ ಹುರಿದು ಕುಟ್ಟಿದ ಶೇಂಗಾ, ಅಗಸಿ, ಬಳ್ಳೊಳ್ಳಿ, ಬ್ಯಾಡಗಿ ಖಾರ. ಯಾವುದು ಯಾವುದೆಂದು ಹೇಳದೆ ಬಡಿಸಿ, ಮನೆಮಂದಿ ಯಾವುದನ್ನು ಮತ್ತೆ ಕೇಳುತ್ತಾರೆಂದು ನೋಡಲಿ.