ಹಿಗ್ಗಿ ಕುಗ್ಗುವ ಹಿಡಿಯ ಸ್ಪ್ಯಾನರು



ಬಾವಿಯ ಪಂಪು, ಮಕ್ಕಳ ಬೈಸಿಕಲ್ಲು, ಮೋಟಾರು ಬಂಡಿಯ ಗಾಲಿ, ಹಿಟ್ಟಿನ ಗಿರಣಿ, ಇವುಗಳಲ್ಲಿ ಯಾವುದನ್ನು ನೋಡಿದರೂ ಅದರ ಅಂಗಗಳನ್ನು ಒಂದುಗೂಡಿಸಿ ಹಿಡಿದಿರುವುದು ಬೋಲ್ಟು ಮತ್ತು ನಟ್ಟು. ಈ ನಟ್ಟನ್ನು ಬಿಗಿಯುವುದಕ್ಕೂ ಸಡಿಲಿಸುವುದಕ್ಕೂ ಉಪಯೋಗಿಸುವ ಕೈಸಲಕರಣೆಯನ್ನು ಸ್ಪ್ಯಾನರು ಎನ್ನುವರು. ಕೆಲಸದ ಮನೆಗಳಲ್ಲಿ ಅದಕ್ಕೆ ಪಾನ ಎಂಬ ಹೆಸರೂ ಉಂಟು. ಬೇಕಾದಾಗ ಉದ್ದ ಮಾಡಿ, ಬೇಡವಾದಾಗ ಗಿಡ್ಡ ಮಾಡಬಹುದಾದ ಹಿಡಿಯುಳ್ಳ ಸ್ಪ್ಯಾನರನ್ನು ಹೇಗೆ ರಚಿಸಬೇಕೆಂಬುದೇ ಈ ದಿನದ ವಿಷಯ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಕೆಲಸಗಾರನ ಕೈಬೆರಳುಗಳು ಅಲ್ಪವಾದುವಲ್ಲವಷ್ಟೆ.

ಕೆಲವು ವರುಷಗಳ ಹಿಂದೆ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಮೊದಲು ಹೇಳುವೆವು. ಒಂದು ತೋಟದ ಬಾವಿಯಲ್ಲಿ ಪಂಪಿನ ನಟ್ಟೊಂದು ತುಕ್ಕು ಹಿಡಿದು ಅಲುಗದೆ ನಿಂತಿತ್ತು. ದುರಸ್ತಿಗೆ ಬಂದಾತನು ಸ್ಪ್ಯಾನರಿನ ಹಿಡಿಗೆ ಒಂದು ಮೊಳದಷ್ಟು ನೀರಿನ ಕೊಳಾಯಿಯ ತುಂಡನ್ನು ತೊಡಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟನು. ನಟ್ಟು ಕದಲಲಿಲ್ಲ, ಕೊಳಾಯಿಯೇ ಹಿಡಿಯಿಂದ ಜಾರಿತು. ಆತನ ಮುಷ್ಟಿ ಪಂಪಿನ ಎರಕದ ಅಂಚಿಗೆ ಬಡಿದು ಎರಡು ಬೆರಳುಗಳು ಮುರಿದುವು. ಒಂದು ತಿಂಗಳ ಕಾಲ ಆತನಿಗೆ ಕೂಲಿಯಿಲ್ಲ, ಒಂದು ವಾರ ತೋಟಕ್ಕೆ ನೀರಿಲ್ಲ. ಆತನು ಹಿಡಿಯನ್ನು ಉದ್ದ ಮಾಡಿದುದು ತಪ್ಪಲ್ಲ; ಉದ್ದವಾಗಲೆಂದು ರಚಿಸದ ಹಿಡಿಯನ್ನು ಉದ್ದ ಮಾಡಿದುದೇ ತಪ್ಪು.

ಹಿಡಿ ಉದ್ದವಾದರೆ ಲಾಭವೇನು? ರಾಗಿ ಬೀಸುವ ಕಲ್ಲನ್ನು ನೆನೆದುಕೊಳ್ಳಿರಿ. ಅದರ ಗೂಟವನ್ನು ನಮ್ಮ ಹಿರಿಯರು ನಡುವಿನಲ್ಲಿ ನೆಡದೆ ಅಂಚಿನಲ್ಲಿ ನೆಟ್ಟರು. ಅಂಚಿನಲ್ಲಿ ಹಿಡಿದು ತಿರುಗಿಸಿದರೆ ಕಲ್ಲು ಸುಲಭವಾಗಿ ತಿರುಗುವುದು. ನಡುವಿಗೆ ಸಮೀಪದಲ್ಲಿ ಹಿಡಿದರೆ ತೋಳು ಸೋಲುವುದು. ಕೈಯ ಬಲವನ್ನು, ತಿರುಗುವ ನಡುವಿನಿಂದ ಕೈಗಿರುವ ದೂರದಿಂದ ಗುಣಿಸಿದರೆ ತಿರುಗಿಸುವ ಬಲವು ದೊರೆಯುವುದು. ಇದನ್ನು ಇಂಜಿನಿಯರುಗಳು ಟಾರ್ಕ್ ಎಂದು ಕರೆಯುವರು. ಒಬ್ಬನು 20 ಕಿಲೋಗ್ರಾಮಿನಷ್ಟು ಬಲದಿಂದ, ನಟ್ಟಿನ ನಡುವಿನಿಂದ 25 ಸೆಂಟಿಮೀಟರು ದೂರದಲ್ಲಿ ಹಿಡಿಯನ್ನು ಎಳೆದರೆ, ನಟ್ಟಿಗೆ ಸುಮಾರು 50 ನ್ಯೂಟನ್ ಮೀಟರು ತಿರುಗುಬಲ ತಗಲುವುದು. ಅದೇ ಕೈ 45 ಸೆಂಟಿಮೀಟರು ದೂರ ಸರಿದರೆ ಸುಮಾರು 90 ದೊರೆಯುವುದು. ತೋಳಿನ ಶ್ರಮವು ಒಂದೇ. ಫಲವು ಎರಡರಷ್ಟಕ್ಕೆ ಸಮೀಪ.

ಹಾಗಾದರೆ ಎಲ್ಲ ಸ್ಪ್ಯಾನರುಗಳನ್ನೂ ಉದ್ದವಾಗಿಯೇ ಏಕೆ ಮಾಡಬಾರದು? ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಯಂತ್ರದ ಸಂದುಗೊಂದುಗಳಲ್ಲಿ ಉದ್ದ ಹಿಡಿಯು ಆಡಲಾರದು. ಎರಡನೆಯದು ಇನ್ನೂ ಮುಖ್ಯವಾದುದು. ಬೋಲ್ಟನ್ನು ಬಿಗಿಯುವುದೆಂದರೆ ಅದನ್ನು ಸ್ಪ್ರಿಂಗಿನಂತೆ ಸ್ವಲ್ಪ ಎಳೆದು ನೀಳ ಮಾಡುವುದೇ ಆಗಿದೆ. ನಾವು ಹಾಕುವ ತಿರುಗುಬಲದಲ್ಲಿ ಹೆಚ್ಚು ಕಡಮೆ ಹತ್ತರಲ್ಲಿ ಒಂಬತ್ತು ಪಾಲು ತಿರುಪಿನ ಎಳೆಗಳ ಮತ್ತು ನಟ್ಟಿನ ತಳದ ಉಜ್ಜಾಟದಲ್ಲಿಯೇ ಕಳೆದುಹೋಗಿ, ಉಳಿದ ಒಂದು ಪಾಲು ಬೋಲ್ಟನ್ನು ಎಳೆಯುವುದು. ಎಳೆತವು ಮಿತಿ ಮೀರಿದರೆ ಬೋಲ್ಟು ಮರಳಿ ಕುಗ್ಗದೆ ಸೊರಗಿ, ಕಡೆಗೆ ಕಡಿದುಹೋಗುವುದು. ಗಟ್ಟಿ ಉಕ್ಕಿನ 6 ಮಿಲಿಮೀಟರು ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರು ಸಾಕು. 10 ಮಿಲಿಮೀಟರಿನದಕ್ಕೆ ಸುಮಾರು 50. ಮೋಟಾರು ಕಾರಿನ ಗಾಲಿಯ ನಟ್ಟುಗಳಿಗೆ ಸಾಧಾರಣವಾಗಿ 100ರ ಆಸುಪಾಸು. ಆದಕಾರಣವೇ ಚಿಕ್ಕ ನಟ್ಟಿನ ಸ್ಪ್ಯಾನರು ಗಿಡ್ಡವಾಗಿಯೂ ದೊಡ್ಡ ನಟ್ಟಿನದು ಉದ್ದವಾಗಿಯೂ ಇರುವುದು. ಆ ಗಿಡ್ಡತನವು ಬೋಲ್ಟಿಗೆ ಕಾವಲುಗಾರನಿದ್ದಂತೆ. ಹಿಡಿಯನ್ನು ಉದ್ದ ಮಾಡಿದವನು ಆ ಕಾವಲನ್ನು ತೆಗೆದುಹಾಕಿದ ಹಾಗಾಯಿತು.

ಸ್ಪ್ಯಾನರಿನ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವ ಉಪಾಯವು ಹಳೆಯದು. ಅಮೆರಿಕದ ಸಾಲಿಮನ್ ಮೆರಿಕ್ ಎಂಬಾತನು 1835ರಲ್ಲಿ ರೆಂಚಿಗೆ ಹಕ್ಕುಪತ್ರ ಪಡೆದನು. ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತನು 1841ರಲ್ಲಿ ತಿರುಪಿನ ಎಳೆಗಳಿಗೆ ಒಂದೇ ಬಗೆಯ ಅಳತೆಗಳನ್ನು ಸೂಚಿಸಿದನು. ಸ್ವೀಡನ್ನಿನ ಯೋಹಾನ್ ಪೆಟ್ಟರ್ ಯೋಹಾನ್ಸನ್ನನು ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಲ್ಲಿ, ಹೆಬ್ಬೆರಳಿನಿಂದ ಸಣ್ಣ ತಿರುಪನ್ನು ಹೊರಳಿಸಿ ದವಡೆಯನ್ನು ಸರಿಸುವ ಸ್ಪ್ಯಾನರನ್ನು ಒಳ್ಳೆಯ ರೂಪಕ್ಕೆ ತಂದನು. ಇವುಗಳಲ್ಲಿ ಮಾರ್ಪಡುವುದು ಬಾಯಿ. ನಮ್ಮ ಪ್ರಶ್ನೆಯಾದರೋ ಹಿಡಿಯದು.

ಇನ್ನು ರಚನೆಗೆ ಬರೋಣ. ಅತಿ ಸರಳವಾದ ಕ್ರಮವೆಂದರೆ, ಸ್ಪ್ಯಾನರಿನ ತಲೆಗೆ ಒಂದು ಉಕ್ಕಿನ ಕೊಳವೆಯನ್ನು ಭದ್ರವಾಗಿ ಕೂಡಿಸಿ, ಅದರೊಳಗೆ ಹಿಂದಕ್ಕೂ ಮುಂದಕ್ಕೂ ಸರಿಯುವ ದುಂಡು ಸರಳನ್ನು ಇಡುವುದು. ಕೊಳವೆಯ ಬಾಯಿ ನಟ್ಟಿನ ನಡುವಿನಿಂದ 30 ಸೆಂಟಿಮೀಟರು ದೂರದಲ್ಲಿದೆಯೆಂದು ಇಟ್ಟುಕೊಳ್ಳೋಣ. ಸರಳನ್ನು ಒಳಕ್ಕೆ ತಳ್ಳಿದಾಗ ಕೈಯು ಕೊಳವೆಯನ್ನೇ ಹಿಡಿಯುವುದು. ಹೊರಕ್ಕೆ ಎಳೆದಾಗ ಕೈಯು ಕೊಳವೆಯ ಬಾಯಿಯಿಂದ 15 ಸೆಂಟಿಮೀಟರು ಆಚೆಗೆ ಸರಳಿನ ತುದಿಯನ್ನು ಹಿಡಿಯುವುದು. ಆಗ ಸರಳಿನ 10 ಸೆಂಟಿಮೀಟರು ಭಾಗವು ಕೊಳವೆಯ ಒಳಗೆ ಉಳಿದಿರಲಿ.

ಈ ಒಳಗೆ ಉಳಿದ ಭಾಗವೇ ರಚನೆಯ ಜೀವಾಳ. ಕೈಯು 20 ಕಿಲೋಗ್ರಾಮಿನ ಬಲದಿಂದ ಎಳೆದಾಗ ಸರಳು ಒಂದು ಸನ್ನೆಯಾಗುವುದು. ಕೊಳವೆಯ ಬಾಯಿ ಅದರ ಆನಿಕೆಯಾಗುವುದು. ಒಳತುದಿಯು ಎದುರು ಬದಿಯ ಗೋಡೆಯನ್ನು ಒತ್ತುವುದು. ಲೆಕ್ಕ ಹಾಕಿ ನೋಡಿದರೆ ಒಳತುದಿಯ ಒತ್ತಡ 30 ಕಿಲೋಗ್ರಾಮು, ಬಾಯಿಯ ಅಂಚಿನ ಮೇಲಣದು 50 ಕಿಲೋಗ್ರಾಮು. ಇದನ್ನು ಒಳ್ಳೆಯ ಕೊಳವೆಯು ತಡೆಯುವುದು. ಆದರೆ ಲೋಭದಿಂದ ಸರಳನ್ನು ಇನ್ನೂ ಹೊರಕ್ಕೆಳೆದು, ಒಳಗೆ 2 ಸೆಂಟಿಮೀಟರು ಮಾತ್ರ ಬಿಟ್ಟರೆ, ಬಾಯಿಯ ಮೇಲಣ ಒತ್ತಡವು 250 ಕಿಲೋಗ್ರಾಮಿಗೆ ಏರುವುದು! ಎಳೆದ ಕೈ ಅದೇ, ಬಲವೂ ಅದೇ. ಒತ್ತಡವು ಮಾತ್ರ ಐದರಷ್ಟು. ಅಂಚು ಅಗಲಿಸುವುದು, ಸರಳು ಕಳಚುವುದು. ಬಾವಿಯ ಬಳಿಯ ಆ ಕೊಳಾಯಿ ಜಾರಿದುದೂ ಇಂಥ ಕಾರಣದಿಂದಲೇ. ಅದು ಹಿಡಿಯ ತುದಿಯನ್ನು ಮಾತ್ರ ಕಚ್ಚಿಕೊಂಡಿತ್ತು.

ಆದಕಾರಣ ರಚಿಸುವವನ ಮೊದಲ ನಿಯಮವಿದು: ಸರಳಿನ ಒಳತುದಿಗೆ ಒಂದು ತಡೆಯನ್ನಿಟ್ಟು, ಎಷ್ಟು ಎಳೆದರೂ 10 ಸೆಂಟಿಮೀಟರು ಒಳಗೆ ಉಳಿಯುವಂತೆ ಮಾಡಬೇಕು. ಗೆರೆ ಕೊರೆದು ಇಲ್ಲಿಗೆ ನಿಲ್ಲಿಸಿರಿ ಎಂದು ಬರೆದರೆ ಸಾಲದು. ಅವಸರದಲ್ಲಿರುವವನು ಗೆರೆಯನ್ನು ನೋಡುವುದಿಲ್ಲ. ಕೊಳವೆಯ ಬಾಯಿಗೆ ದಪ್ಪನಾದ ಬಳೆಯನ್ನು ತೊಡಿಸುವುದೂ ಅವಶ್ಯಕ. ಸರಳಿಗೂ ಕೊಳವೆಗೂ ನಡುವೆ ಸಡಿಲವು ಹೆಚ್ಚಬಾರದು. ಅರ್ಧ ಮಿಲಿಮೀಟರಿನ ಸಡಿಲವು ಕೈ ಹಿಡಿಯುವ ಸ್ಥಳದಲ್ಲಿ ಒಂದು ಮಿಲಿಮೀಟರಿಗೂ ಮೀರಿದ ಅಲುಗಾಟವಾಗಿ ತೋರುವುದು.

ಸರಳಿನ ದಪ್ಪವೆಷ್ಟಿರಬೇಕು? ಬಾಗುವಿಕೆಯನ್ನು ತಡೆಯುವ ಶಕ್ತಿಯು ದುಂಡು ಸರಳಿನಲ್ಲಿ ಅಡ್ಡಳತೆಯ ಘನದಂತೆ ಬೆಳೆಯುವುದು. ಅಡ್ಡಳತೆಯು ಇಮ್ಮಡಿಯಾದರೆ ಶಕ್ತಿಯು ಎಂಟುಮಡಿ. ನಮ್ಮ ಉದಾಹರಣೆಯಲ್ಲಿ 10 ಮಿಲಿಮೀಟರಿನ ಸಾಮಾನ್ಯ ಮೆದು ಉಕ್ಕಿನ ಸರಳು 20 ಕಿಲೋಗ್ರಾಮಿಗೇ ಬಾಗಿ ಹಾಗೆಯೇ ನಿಂತುಬಿಡುವುದು. 16 ಮಿಲಿಮೀಟರಿನ ಸರಳು ಅದರ ನಾಲ್ಕರಷ್ಟು ಗಟ್ಟಿ. ಅಷ್ಟು ಏಕೆ ಬೇಕೆಂದರೆ, ಮನುಷ್ಯನು ಯಾವಾಗಲೂ ಲೆಕ್ಕದ 20 ಕಿಲೋಗ್ರಾಮಿಗೆ ನಿಲ್ಲುವವನಲ್ಲ. ನಟ್ಟು ಹಟ ಹಿಡಿದರೆ 60 ಕಿಲೋಗ್ರಾಮು ಮೈಭಾರವನ್ನೂ ಅದರ ಮೇಲೆ ಹೇರುವನು. ಆಗಲೂ 16 ಮಿಲಿಮೀಟರಿನ ಸರಳು ಮಿತಿಯ ಒಳಗೆ ನಿಲ್ಲುವುದು. ಸಲಕರಣೆಯನ್ನು ಸಮಾಧಾನದ ಕೈಗಲ್ಲ, ಸಿಟ್ಟಿನ ಕೈಗೆ ರಚಿಸಬೇಕು.

ಸರಳನ್ನು ಬೇಕಾದ ಉದ್ದದಲ್ಲಿ ನಿಲ್ಲಿಸುವ ಚಿಲಕದ ವಿಚಾರದಲ್ಲಿ ಅನೇಕರು ಭ್ರಮೆಪಡುವರು. ಸ್ಪ್ರಿಂಗಿನ ಮೇಲೆ ಕುಳಿತ ಒಂದು ಗುಂಡು, ಸರಳಿನ ಕುಳಿಗಳಲ್ಲಿ ಬಿದ್ದು ಕಚ್ಚಿಕೊಂಡರೆ ಸಾಕು. ಬಾಗಿಸುವ ಭಾರವನ್ನೆಲ್ಲ ಕೊಳವೆಯ ಗೋಡೆಗಳು ಹೊರುವುವು. ಚಿಲಕದ ಕೆಲಸವು ಸರಳು ಹಿಂದುಮುಂದಾಗಿ ಸರಿಯದಂತೆ ನೋಡಿಕೊಳ್ಳುವುದು ಮಾತ್ರ. ಭಾರವು ಚಿಲಕದ ಮೇಲೆಯೇ ಬೀಳುವಂಥ ರಚನೆಯನ್ನು ಮಾಡಿದವನು, ಮನೆಯ ಭಾರವನ್ನು ಬಾಗಿಲ ಅಗುಳಿಯ ಮೇಲೆ ಹೊರಿಸಿದಂತಾಗುವುದು. ಕೊಳವೆಯ ಒಳತುದಿಯಲ್ಲಿ ಸಣ್ಣ ತೂತೊಂದಿರಲಿ. ನೀರು ಮತ್ತು ಮರಳು ಅದರಿಂದ ಹೊರಬೀಳುವುವು. ಕೊಳವೆಗೆ ರಬ್ಬರಿನ ಹೊದಿಕೆಯಿದ್ದರೆ ಎಣ್ಣೆಗೈಯಿಂದಲೂ ಹಿಡಿತವು ತಪ್ಪದು.

ಹಿಡಿಯನ್ನು ಉದ್ದ ಮಾಡುವುದರ ಬದಲು, ಕೀಲಿನ ಮೇಲೆ ಓರೆ ಮಾಡುವ ಮತ್ತೊಂದು ಕ್ರಮವೂ ಉಂಟು. ಗೋಡೆಗೆ ಅಂಟಿದಂತಿರುವ ನಟ್ಟಿಗೆ ಇದು ಅನುಕೂಲ. ಆದರೆ ಹಿಡಿಯು ನಟ್ಟು ತಿರುಗುವ ಮಟ್ಟದಿಂದ ಮೇಲಕ್ಕೆ ಎದ್ದಷ್ಟೂ ಅದರ ಫಲವು ಕುಂದುವುದು. 30 ಅಂಶ ಎತ್ತಿದರೆ ನೂರಕ್ಕೆ 87ರಷ್ಟು, 60 ಅಂಶ ಎತ್ತಿದರೆ ಅರ್ಧ ಮಾತ್ರ. ಮೇಲಾಗಿ ಸ್ಪ್ಯಾನರು ನಟ್ಟಿನಿಂದ ಕಳಚಿಕೊಳ್ಳಲು ಹವಣಿಸುವುದು.

ಕಡೆಗೆ, ನಾವು ತೆಗೆದುಹಾಕಿದ ಕಾವಲುಗಾರನನ್ನು ಮತ್ತೆ ನಿಲ್ಲಿಸಬೇಕಷ್ಟೆ. ಸರಳಿನ ಪ್ರತಿಯೊಂದು ಕುಳಿಯ ಬಳಿಯಲ್ಲಿಯೂ, ಆ ಉದ್ದವು ಎಷ್ಟು ದಪ್ಪದ ಬೋಲ್ಟಿಗೆ ಸಲ್ಲುವುದೆಂಬುದನ್ನು ಅಂಕಿಯಲ್ಲಿ ಕೆತ್ತಿಸಬೇಕು. ಉಪಯೋಗಿಸುವವರು ಒಂದು ಮಾತನ್ನು ನೆನಪಿಡಬೇಕು: ಸಡಿಲಿಸುವುದಕ್ಕೆ ಉದ್ದ ಹಿಡಿ, ಬಿಗಿಯುವುದಕ್ಕೆ ಗಿಡ್ಡ ಹಿಡಿ. ದೊಡ್ಡ ನಟ್ಟುಗಳನ್ನು ಮಾತ್ರ ಉದ್ದ ಹಿಡಿಯಿಂದ ಬಿಗಿಯಬಹುದು. ಇಂತಿಷ್ಟೇ ತಿರುಗುಬಲವೆಂದು ಯಂತ್ರದವರು ಗೊತ್ತುಮಾಡಿದ್ದಲ್ಲಿ, ಅದನ್ನು ಅಳೆದು ತೋರಿಸುವ ಟಾರ್ಕ್ ರೆಂಚನ್ನೇ ಬಳಸತಕ್ಕದ್ದು. ತುಕ್ಕು ಹಿಡಿದ ನಟ್ಟಿಗೆ ಮೊದಲು ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಸಾಧ್ಯವಿದ್ದಲ್ಲಿ ಹಿಡಿಯನ್ನು ನಿಮ್ಮ ಕಡೆಗೆ ಎಳೆಯಿರಿ, ಆಚೆಗೆ ತಳ್ಳಬೇಡಿರಿ; ಜಾರಿದರೂ ಮುಷ್ಟಿಯು ಕಬ್ಬಿಣಕ್ಕೆ ಬಡಿಯದು.

ಬಾವಿಯ ಬಳಿಯ ಆ ಕೆಲಸಗಾರನ ಬೆರಳುಗಳು ಕೂಡಿಕೊಂಡುವು. ಆದರೆ ಒಂದು ಇಂದಿಗೂ ಪೂರ್ಣವಾಗಿ ಮಡಿಯುವುದಿಲ್ಲ. ಆ ದಿನ ಆತನ ಚೀಲದಲ್ಲಿ ತಡೆಯುಳ್ಳ ಉದ್ದ ಹಿಡಿಯ ಸ್ಪ್ಯಾನರೊಂದು ಇದ್ದಿದ್ದರೆ ಸಾಕಾಗಿತ್ತು. ಹತ್ತು ಸೆಂಟಿಮೀಟರು ಉಕ್ಕು ಕೊಳವೆಯೊಳಗೆ ಉಳಿಯುವಂತೆ ಮಾಡುವ ಸಣ್ಣ ವಿವೇಕವು ಒಂದು ಸಂಸಾರದ ಒಂದು ತಿಂಗಳ ಅನ್ನವನ್ನು ಉಳಿಸಬಲ್ಲುದು.